ರಾಜಾ ರಾಮಣ್ಣ

ರಾಜಾ ರಾಮಣ್ಣ (28 ಜನವರಿ 1925 – 24 ಸೆಪ್ಟೆಂಬರ್ 2004) ಕರ್ನಾಟಕದಲ್ಲಿ ಜನಿಸಿದ ಭಾರತದ ಪ್ರಮುಖ ಪರಮಾಣು ಭೌತವಿಜ್ಞಾನಿ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ, ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿ, ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿ, ಕೇಂದ್ರದ ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿ ಹಾಗೂ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ ಸೇವೆ ಸಲ್ಲಿಸಿದರು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಭಾರತದ ಮೊದಲ ಪರಮಾಣು ಪರೀಕ್ಷೆಯ ವೈಜ್ಞಾನಿಕ ತಂಡದ ನೇತೃತ್ವವನ್ನು ಇವರು ವಹಿಸಿದ್ದರು. ಆ ಪರೀಕ್ಷೆಯ ನಂತರ ಇಂಧನ, ಯಂತ್ರೋಪಕರಣ ಮತ್ತು ಬಿಡಿಭಾಗಗಳ ವಿದೇಶಿ ಪೂರೈಕೆ ಕಡಿತಗೊಂಡಾಗ, ಅವುಗಳನ್ನು ದೇಶದಲ್ಲಿಯೇ ತಯಾರಿಸುವ ಹೊಣೆ ಬಹುಮಟ್ಟಿಗೆ ಇವರು ನಡೆಸುತ್ತಿದ್ದ ಸಂಸ್ಥೆಗಳ ಮೇಲೆ ಬಿದ್ದಿತು. ನೌಕೆಗಳನ್ನು ನಡೆಸಬಲ್ಲ ಪರಮಾಣು ರಿಯಾಕ್ಟರ್‌ನ ಕೆಲಸವೂ ಭಾರತದಲ್ಲಿ ಇವರ ಕಾಲದಲ್ಲಿಯೇ ಆರಂಭವಾಯಿತು.

ಜನನ ಮತ್ತು ಬಾಲ್ಯ

ರಾಮಣ್ಣನವರು ಅಂದಿನ ಮೈಸೂರು ಸಂಸ್ಥಾನದ ತುಮಕೂರು ಜಿಲ್ಲೆಯಲ್ಲಿ ಜನಿಸಿದರು. ತಂದೆ ರಾಮಣ್ಣ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದರು. ತಾಯಿ ರುಕ್ಮಿಣಿಯಮ್ಮ. ಮನೆಯಲ್ಲಿ ಓದು ಮತ್ತು ಸಂಗೀತ ಎರಡಕ್ಕೂ ಪ್ರೋತ್ಸಾಹವಿತ್ತು. ಚಿಕ್ಕ ವಯಸ್ಸಿನಲ್ಲಿಯೇ ಪಿಯಾನೋ ಕಲಿಯಲಾರಂಭಿಸಿದ ಬಾಲಕನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಭಿರುಚಿ ಬೆಳೆದು, ಅದು ಕೊನೆಯವರೆಗೂ ಉಳಿಯಿತು. ಶಾಲಾ ಶಿಕ್ಷಣ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ನಡೆಯಿತು.

ಉನ್ನತ ಶಿಕ್ಷಣ

ಮುಂದೆ ಅವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿ ಪದವಿ ಪಡೆದರು. ಹೋಮಿ ಜಹಾಂಗೀರ್ ಭಾಭಾ ಅವರ ಪರಿಚಯವಾದದ್ದು ಸಂಗೀತದ ಮೂಲಕ. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರಾಗಿ ಭಾರತಕ್ಕೆ ಬಂದಿದ್ದ ಆಲ್ಫ್ರೆಡ್ ಮಿಸ್ಟೋವ್ಸ್ಕಿ ಅವರು 1944ರಲ್ಲಿ ಯುವಕ ರಾಮಣ್ಣನನ್ನು ಭಾಭಾ ಅವರಿಗೆ ಪರಿಚಯಿಸಿದರು. ಭಾಭಾ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಈ ಪರಿಚಯವೇ ರಾಮಣ್ಣನವರ ವೃತ್ತಿಜೀವನದ ದಿಕ್ಕನ್ನು ನಿರ್ಧರಿಸಿತು.

ಬಳಿಕ ಇಂಗ್ಲೆಂಡಿಗೆ ತೆರಳಿದ ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. 1949ರಲ್ಲಿ ಸ್ವದೇಶಕ್ಕೆ ಮರಳಿ, ಭಾಭಾ ಅವರು ಮುಂಬಯಿಯಲ್ಲಿ ಸ್ಥಾಪಿಸಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1952ರಲ್ಲಿ ಮಾಲತಿ ಅವರನ್ನು ವಿವಾಹವಾದರು.

ಅಪ್ಸರಾ ರಿಯಾಕ್ಟರ್

1954ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಪರಮಾಣು ಶಕ್ತಿ ಸಂಶೋಧನಾ ಕೇಂದ್ರ ಆರಂಭವಾಯಿತು. ಮರುವರ್ಷ ಅಲ್ಲಿ ಸಣ್ಣ ಸಂಶೋಧನಾ ರಿಯಾಕ್ಟರ್ ಒಂದನ್ನು ನಿರ್ಮಿಸಲು ನಿರ್ಧರಿಸಲಾಯಿತು. ಈಜುಕೊಳದಂತಹ ನೀರಿನ ತೊಟ್ಟಿಯಲ್ಲಿ ಇಂಧನವನ್ನು ಇಳಿಬಿಡುವ ಮಾದರಿಯ ಈ ರಿಯಾಕ್ಟರ್ 1956ರ ಆಗಸ್ಟ್ 4ರಂದು ಕ್ರಾಂತಿಕ ಸ್ಥಿತಿಯನ್ನು, ಅಂದರೆ ವಿದಳನದ ಸರಪಳಿ ಕ್ರಿಯೆ ತಾನಾಗಿಯೇ ಮುಂದುವರಿಯುವ ಸ್ಥಿತಿಯನ್ನು ತಲುಪಿತು. ಇದಕ್ಕೆ ಅಪ್ಸರಾ ಎಂದು ಹೆಸರಿಡಲಾಯಿತು. ಸೋವಿಯತ್ ಒಕ್ಕೂಟವನ್ನು ಬಿಟ್ಟರೆ ಏಷ್ಯಾ ಖಂಡದ ಮೊದಲ ರಿಯಾಕ್ಟರ್ ಇದು. ಇದರ ಭೌತಶಾಸ್ತ್ರೀಯ ಲೆಕ್ಕಾಚಾರ ಮತ್ತು ಕಾರ್ಯಾರಂಭದಲ್ಲಿ ತೊಡಗಿದ್ದ ತಂಡದಲ್ಲಿ ರಾಮಣ್ಣನವರು ಇದ್ದರು. ಮುಂದೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದ, ಬೆಂಗಳೂರಿನವರೇ ಆದ ಎಂ. ಆರ್. ಶ್ರೀನಿವಾಸನ್ ಸಹ ಅಪ್ಸರಾ ನಿರ್ಮಾಣದಲ್ಲಿ ಕೆಲಸ ಮಾಡಿದ್ದರು.

ಅಪ್ಸರಾದ ಇಂಧನವನ್ನು ಬ್ರಿಟನ್ ಪೂರೈಸಿತು. ಆದರೆ ರಿಯಾಕ್ಟರ್ ಅನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಎ. ಎಸ್. ರಾವ್ ನೇತೃತ್ವದ ತಂಡ ಭಾರತದಲ್ಲಿಯೇ ತಯಾರಿಸಿತು. ರಿಯಾಕ್ಟರ್‌ನಲ್ಲಿ ಉತ್ಪತ್ತಿಯಾಗುವ ನ್ಯೂಟ್ರಾನ್‌ಗಳ ಪ್ರಮಾಣವನ್ನು ಸಂವೇದಕಗಳು ಸತತವಾಗಿ ಅಳೆಯುತ್ತವೆ. ಸಂವೇದಕದಿಂದ ಬರುವ ಅತಿ ಕ್ಷೀಣ ವಿದ್ಯುತ್ ಸಂಕೇತವನ್ನು ವರ್ಧಕವು ದೊಡ್ಡದು ಮಾಡುತ್ತದೆ. ಪ್ರಮಾಣ ಮಿತಿಮೀರಿದಾಗ ನ್ಯೂಟ್ರಾನ್‌ಗಳನ್ನು ಹೀರಿಕೊಳ್ಳುವ ನಿಯಂತ್ರಕ ಸರಳುಗಳು ಒಳಗಿಳಿದು ಸರಪಳಿ ಕ್ರಿಯೆಯನ್ನು ನಿಲ್ಲಿಸುತ್ತವೆ. ಈ ಸಾಲಿನಲ್ಲಿ ಯಾವುದೇ ಒಂದು ಭಾಗ ಕೆಟ್ಟರೂ ರಿಯಾಕ್ಟರ್ ಅನ್ನು ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಇಂತಹ ಸ್ಥಾವರಗಳಲ್ಲಿ ಒಂದೇ ಅಳತೆಗೆ ಮೂರು ಪ್ರತ್ಯೇಕ ಮಾರ್ಗಗಳನ್ನು ಇರಿಸಿ, ಅವುಗಳಲ್ಲಿ ಎರಡು ಅಪಾಯವನ್ನು ಸೂಚಿಸಿದರೆ ರಿಯಾಕ್ಟರ್ ತಾನಾಗಿ ನಿಲ್ಲುವಂತೆ ಮಾಡುವ ಪದ್ಧತಿ ರೂಢಿಯಲ್ಲಿದೆ. ಒಂದು ಮಾರ್ಗ ಕೆಟ್ಟಾಗ ಅದರ ಬಿಡಿಭಾಗವನ್ನು ಬದಲಾಯಿಸಲು ಇದರಿಂದ ಅವಕಾಶವೂ ದೊರೆಯುತ್ತದೆ.

ಟ್ರಾಂಬೆಯ ಎಲೆಕ್ಟ್ರಾನಿಕ್ಸ್ ವಿಭಾಗದ ಈ ಅನುಭವವೇ ಬೆಳೆದು 1967ರಲ್ಲಿ ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ (ಇಸಿಐಎಲ್) ಸ್ಥಾಪನೆಯಾಯಿತು. ರಕ್ಷಣಾ ಪಡೆಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ ಬೆಂಗಳೂರಿನಲ್ಲಿ 1954ರಲ್ಲಿಯೇ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಆರಂಭವಾಗಿತ್ತು.

ಸಂಶೋಧನೆ

ರಾಮಣ್ಣನವರ ಮೂಲಭೂತ ಸಂಶೋಧನೆ ಮುಖ್ಯವಾಗಿ ಪರಮಾಣು ವಿದಳನ ಮತ್ತು ನ್ಯೂಟ್ರಾನ್ ಭೌತಶಾಸ್ತ್ರಕ್ಕೆ ಸಂಬಂಧಿಸಿದ್ದು. ಭಾರವಾದ ಪರಮಾಣು ಬೀಜ ಒಡೆದಾಗ ದೊರೆಯುವ ಎರಡು ತುಣುಕುಗಳ ದ್ರವ್ಯರಾಶಿ ಹೆಚ್ಚಾಗಿ ಅಸಮಾನವಾಗಿರುತ್ತದೆ. ಒಡೆಯುವ ಮುನ್ನ ಎರಡೂ ಭಾಗಗಳ ನಡುವೆ ಕಣಗಳ ವಿನಿಮಯ ಯಾದೃಚ್ಛಿಕವಾಗಿ ನಡೆಯುತ್ತದೆ ಎಂಬ ಆಧಾರದ ಮೇಲೆ ಅವರು ಮತ್ತು ಸಹೋದ್ಯೋಗಿಗಳು 1960ರ ದಶಕದಲ್ಲಿ ಇದಕ್ಕೊಂದು ಸಾಂಖ್ಯಿಕ ವಿವರಣೆಯನ್ನು ಮಂಡಿಸಿದರು. ಅಪ್ಸರಾ ರಿಯಾಕ್ಟರ್‌ನಿಂದ ದೊರೆತ ನ್ಯೂಟ್ರಾನ್ ಪುಂಜಗಳು ಟ್ರಾಂಬೆಯ ಇಂತಹ ಪ್ರಯೋಗಗಳಿಗೆ ನೆರವಾದವು.

ತರಬೇತಿ ಶಾಲೆ

1957ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ತರಬೇತಿ ಶಾಲೆಯನ್ನು ರೂಪಿಸಿದವರಲ್ಲಿ ರಾಮಣ್ಣನವರು ಪ್ರಮುಖರು. ವಿಶ್ವವಿದ್ಯಾಲಯಗಳಿಂದ ಬಂದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವೀಧರರನ್ನು ಆಯ್ದು, ಒಂದು ವರ್ಷ ವಿವಿಧ ವಿಷಯಗಳಲ್ಲಿ ತರಬೇತಿ ನೀಡಿ, ನೇರವಾಗಿ ಕೆಲಸಕ್ಕೆ ತೆಗೆದುಕೊಳ್ಳುವುದು ಈ ಶಾಲೆಯ ಕ್ರಮ. ಭೌತವಿಜ್ಞಾನಿಗೆ ಎಂಜಿನಿಯರಿಂಗ್ ಹಾಗೂ ಎಂಜಿನಿಯರ್‌ಗೆ ಪರಮಾಣು ಭೌತಶಾಸ್ತ್ರದ ಅರಿವು ಇಲ್ಲಿ ದೊರೆಯುತ್ತಿತ್ತು. ವಿದೇಶದಲ್ಲಿ ಕಲಿತವರನ್ನೇ ಅವಲಂಬಿಸಿದ್ದ ಒಂದು ಕ್ಷೇತ್ರಕ್ಕೆ ದೇಶದೊಳಗಿನಿಂದ ಪ್ರತಿವರ್ಷ ಹೊಸ ತಂಡ ಬರುವಂತಾಯಿತು. ಮುಂದೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದ ಅನಿಲ್ ಕಾಕೋಡ್ಕರ್ ಈ ಶಾಲೆಯಿಂದ ಬಂದವರು. 1974ರ ನಂತರದ ನಿರ್ಬಂಧಗಳ ಕಾಲದಲ್ಲಿ ಕಾರ್ಯಕ್ರಮ ನಿಲ್ಲದೆ ಮುಂದುವರಿಯಲು ಈ ಶಾಲೆ ಬಹುಮುಖ್ಯ ಕಾರಣವಾಯಿತು.

ಪೋಖ್ರಾನ್ ಪರೀಕ್ಷೆ

1966ರ ಜನವರಿ 24ರಂದು ಭಾಭಾ ಅವರು ವಿಮಾನ ಅಪಘಾತದಲ್ಲಿ ಮೃತಪಟ್ಟರು. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. 1972ರಲ್ಲಿ ರಾಮಣ್ಣನವರು ಆ ಕೇಂದ್ರದ ನಿರ್ದೇಶಕರಾದರು. ಅದೇ ವರ್ಷ ಪ್ಲುಟೋನಿಯಂ ಇಂಧನದ ಪೂರ್ಣಿಮಾ ಎಂಬ ಪ್ರಾಯೋಗಿಕ ರಿಯಾಕ್ಟರ್ ಕಾರ್ಯಾರಂಭ ಮಾಡಿತು. ಅದರಿಂದ ದೊರೆತ ಮಾಹಿತಿ ಸ್ಫೋಟಕ ಸಾಧನದ ವಿನ್ಯಾಸಕ್ಕೆ ಉಪಯುಕ್ತವಾಯಿತು.

ಪ್ರಧಾನಿ ಇಂದಿರಾ ಗಾಂಧಿಯವರ ಒಪ್ಪಿಗೆಯೊಂದಿಗೆ ನಡೆದ ಸಿದ್ಧತೆಯನ್ನು ಅತ್ಯಂತ ಗೋಪ್ಯವಾಗಿ ಇರಿಸಲಾಗಿತ್ತು. ರಾಮಣ್ಣನವರ ನೇತೃತ್ವದಲ್ಲಿ ಪಿ. ಕೆ. ಅಯ್ಯಂಗಾರ್, ಆರ್. ಚಿದಂಬರಂ ಮೊದಲಾದವರು ಸಾಧನದ ವಿನ್ಯಾಸದಲ್ಲಿ ತೊಡಗಿದ್ದರು. ರಕ್ಷಣಾ ಸಂಶೋಧನಾ ಪ್ರಯೋಗಾಲಯಗಳು ಸಾಂಪ್ರದಾಯಿಕ ಸ್ಫೋಟಕದ ಭಾಗವನ್ನು ಸಿದ್ಧಪಡಿಸಿದವು. ಪ್ಲುಟೋನಿಯಂ ಸುತ್ತಲೂ ಇರುವ ಸ್ಫೋಟಕಗಳು ಎಲ್ಲ ಕಡೆಯಿಂದ ಒಂದೇ ಕ್ಷಣದಲ್ಲಿ ಸಿಡಿಯಬೇಕಾದ್ದರಿಂದ ಅವುಗಳಿಗೆ ಸಂಕೇತ ಕಳುಹಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯ ನಿಖರತೆ ನಿರ್ಣಾಯಕವಾಗಿತ್ತು.

1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್ ಮರುಭೂಮಿಯಲ್ಲಿ ನೂರು ಮೀಟರ್‌ಗೂ ಹೆಚ್ಚು ಆಳದ ಬಾವಿಯಲ್ಲಿ ಸಾಧನವನ್ನು ಸ್ಫೋಟಿಸಲಾಯಿತು. ಬೆಳಿಗ್ಗೆ 8 ಗಂಟೆಗೆ ನಿಗದಿಯಾಗಿದ್ದ ಪರೀಕ್ಷೆ 5 ನಿಮಿಷ ತಡವಾಯಿತು. ಸ್ಥಳದಲ್ಲಿ ಕೊನೆಯ ತಪಾಸಣೆ ಮುಗಿಸಿದ ಎಂಜಿನಿಯರ್ ಹಿಂದಿರುಗಬೇಕಿದ್ದ ಜೀಪು ಚಾಲೂ ಆಗದಿದ್ದುದು ಇದಕ್ಕೆ ಕಾರಣ. 8 ಗಂಟೆ 5 ನಿಮಿಷಕ್ಕೆ ಟ್ರಾಂಬೆಯ ಎಲೆಕ್ಟ್ರಾನಿಕ್ಸ್ ತಜ್ಞ ಪ್ರಣಬ್ ದಸ್ತಿದಾರ್ ಗುಂಡಿಯನ್ನು ಒತ್ತಿದರು.

ಭಾರತ ಸರ್ಕಾರ ಇದನ್ನು ಶಾಂತಿಯುತ ಪರಮಾಣು ಸ್ಫೋಟ ಎಂದು ಬಣ್ಣಿಸಿತು. 1997ರಲ್ಲಿ ರಾಮಣ್ಣನವರು ಅದು ಬಾಂಬೇ ಆಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು.

ನಿರ್ಬಂಧಗಳು ಮತ್ತು ಬಿಡಿಭಾಗಗಳ ಸಮಸ್ಯೆ

ಪರೀಕ್ಷೆಗೆ ಬಳಸಿದ ಪ್ಲುಟೋನಿಯಂ ಕೆನಡಾದ ನೆರವಿನಿಂದ ನಿರ್ಮಿಸಿದ್ದ ಸೈರಸ್ ರಿಯಾಕ್ಟರ್‌ನಿಂದ ಬಂದದ್ದು. ಆ ರಿಯಾಕ್ಟರ್‌ಗೆ ಭಾರಜಲವನ್ನು ಅಮೆರಿಕ ನೀಡಿತ್ತು. ಶಾಂತಿಯುತ ಬಳಕೆಗೆಂದು ಕೊಟ್ಟ ನೆರವು ದುರುಪಯೋಗವಾಯಿತೆಂದು ಭಾವಿಸಿದ ಕೆನಡಾ ತನ್ನ ಸಹಕಾರವನ್ನು ಹಿಂತೆಗೆದುಕೊಂಡಿತು. ಪರಮಾಣು ಸಾಮಗ್ರಿಗಳ ರಫ್ತನ್ನು ನಿಯಂತ್ರಿಸಲು ಪೂರೈಕೆದಾರ ರಾಷ್ಟ್ರಗಳು ಒಂದು ಗುಂಪನ್ನು ರಚಿಸಿಕೊಂಡವು. 1978ರಲ್ಲಿ ಅಮೆರಿಕ ಜಾರಿಗೆ ತಂದ ಕಾನೂನಿನಿಂದ ತಾರಾಪುರ ವಿದ್ಯುತ್ ಸ್ಥಾವರದ ಇಂಧನ ಪೂರೈಕೆಗೂ ಅಡ್ಡಿಯಾಯಿತು.

ಇದರ ಪರಿಣಾಮವನ್ನು ಮೊದಲು ಎದುರಿಸಿದವರು ಸ್ಥಾವರಗಳ ಎಂಜಿನಿಯರ್‌ಗಳು. ವಿದೇಶಿ ಕಂಪನಿ ನಿರ್ಮಿಸಿದ ಸ್ಥಾವರದಲ್ಲಿ ಕವಾಟ, ಪಂಪಿನ ಮುದ್ರೆ, ವರ್ಧಕ, ರಿಲೇ, ಸಂವೇದಕ ಮುಂತಾದ ಸಾವಿರಾರು ಭಾಗಗಳು ಆ ಕಂಪನಿಯ ಅಳತೆಗೇ ಹೊಂದಿಕೊಂಡಿರುತ್ತವೆ. ಹೊಸ ಸ್ಥಾವರವನ್ನು ಕಟ್ಟದೆ ಇರಬಹುದು. ಆದರೆ ನಡೆಯುತ್ತಿರುವ ಸ್ಥಾವರದ ಕೆಟ್ಟ ಭಾಗವನ್ನು ಬದಲಾಯಿಸದೆ ಇರಲಾಗದು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಕೆನಡಾದ ಸಹಾಯದಿಂದ ಆರಂಭಿಸಿದ್ದ ಎರಡನೆಯ ಘಟಕವನ್ನು ಭಾರತೀಯ ಎಂಜಿನಿಯರ್‌ಗಳೇ ಪೂರ್ಣಗೊಳಿಸಬೇಕಾಯಿತು. ಅದು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 1981ರಲ್ಲಿ. ಉಪಕರಣ ಮತ್ತು ನಿಯಂತ್ರಣ ವ್ಯವಸ್ಥೆಗಳಿಗಾಗಿ ಟ್ರಾಂಬೆಯ ಪ್ರಯೋಗಾಲಯಗಳು ಮತ್ತು ಇಸಿಐಎಲ್ ಕಾರ್ಯೋನ್ಮುಖವಾದವು. ಮದ್ರಾಸಿನ ಸಮೀಪದ ಕಲ್ಪಾಕ್ಕಂನಲ್ಲಿ 1983ರಲ್ಲಿ ಕ್ರಾಂತಿಕ ಸ್ಥಿತಿ ತಲುಪಿದ ಘಟಕವನ್ನು ಬಹುಮಟ್ಟಿಗೆ ದೇಶೀಯವಾಗಿಯೇ ನಿರ್ಮಿಸಲಾಗಿತ್ತು.

ರಕ್ಷಣಾ ಸಂಶೋಧನೆ

1978ರಿಂದ 1981ರವರೆಗೆ ರಾಮಣ್ಣನವರು ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿಯೂ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಮಹಾನಿರ್ದೇಶಕರಾಗಿಯೂ ಕಾರ್ಯನಿರ್ವಹಿಸಿದರು. ಬಾಹ್ಯಾಕಾಶ ಇಲಾಖೆಯಲ್ಲಿದ್ದ ಎ. ಪಿ. ಜೆ. ಅಬ್ದುಲ್ ಕಲಾಂ ಅವರನ್ನು ಕ್ಷಿಪಣಿ ಕಾರ್ಯಕ್ಕೆ ಕರೆತರುವುದರಲ್ಲಿ ಇವರ ಪಾತ್ರವಿತ್ತು. ಕಲಾಂ 1982ರಲ್ಲಿ ಹೈದರಾಬಾದಿನ ಪ್ರಯೋಗಾಲಯದ ಹೊಣೆ ವಹಿಸಿಕೊಂಡರು. 1981ರಲ್ಲಿ ರಾಮಣ್ಣನವರು ಭಾಭಾ ಕೇಂದ್ರದ ನಿರ್ದೇಶಕ ಸ್ಥಾನಕ್ಕೆ ಮರಳಿದರು.

ನೌಕೆಗಳಿಗೆ ಪರಮಾಣು ಶಕ್ತಿ

1971ರ ಡಿಸೆಂಬರ್ ಯುದ್ಧದ ಸಂದರ್ಭದಲ್ಲಿ ಅಮೆರಿಕ ತನ್ನ ಎಂಟರ್‌ಪ್ರೈಸ್ ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಯತ್ತ ಕಳುಹಿಸಿತು. 1961ರಲ್ಲಿ ಸೇವೆಗೆ ಸೇರಿದ ಎಂಟರ್‌ಪ್ರೈಸ್ ಜಗತ್ತಿನ ಮೊದಲ ಪರಮಾಣು ಚಾಲಿತ ವಿಮಾನವಾಹಕ ನೌಕೆ. ಅದರಲ್ಲಿ 8 ರಿಯಾಕ್ಟರ್‌ಗಳಿದ್ದವು. ಇದೇ ಯುದ್ಧದಲ್ಲಿ ಪೂರ್ವ ಕರಾವಳಿಯಲ್ಲಿ ಕಾರ್ಯಾಚರಣೆ ನಡೆಸಿದ ಭಾರತದ ವಿಮಾನವಾಹಕ ನೌಕೆ ವಿಕ್ರಾಂತ್ ತೈಲದಿಂದ ಕಾಯಿಸುವ ಬಾಯ್ಲರ್‌ಗಳಿಂದ ನಡೆಯುತ್ತಿತ್ತು. ಬಾಯ್ಲರ್‌ನಲ್ಲಿ ಬಿರುಕು ಕಾಣಿಸಿಕೊಂಡಿದ್ದರಿಂದ ಅದು ಕಡಿಮೆ ವೇಗದಲ್ಲಿ ಸಂಚರಿಸಬೇಕಾಗಿತ್ತು. ಪರಮಾಣು ಚಾಲಿತ ನೌಕೆಗೆ ಪದೇಪದೇ ಇಂಧನ ತುಂಬುವ ಅಗತ್ಯವಿಲ್ಲ. ಜಲಾಂತರ್ಗಾಮಿಯಾದರೆ ಅದು ಗಾಳಿಗಾಗಿ ಮೇಲೆ ಬಾರದೆ ದೀರ್ಘಕಾಲ ನೀರಿನಡಿಯಲ್ಲಿ ಉಳಿಯಬಲ್ಲದು.

1970ರ ದಶಕದಲ್ಲಿ ಜಲಾಂತರ್ಗಾಮಿಗೆ ಬೇಕಾದ ರಿಯಾಕ್ಟರ್‌ನ ಅಧ್ಯಯನ ಭಾಭಾ ಕೇಂದ್ರದಲ್ಲಿ ಆರಂಭವಾಯಿತು. ನೆಲದ ಮೇಲಿನ ರಿಯಾಕ್ಟರ್ ಅನ್ನು ಚಿಕ್ಕದು ಮಾಡಿ ನೌಕೆಯಲ್ಲಿ ಇರಿಸಿದರೆ ಸಾಲದು. ನೌಕೆ ಓಲಾಡುತ್ತದೆ, ಯಂತ್ರಗಳು ಸತತವಾಗಿ ಕಂಪಿಸುತ್ತವೆ, ಸಮೀಪದಲ್ಲಿ ಸ್ಫೋಟವಾದರೆ ಇಡೀ ಒಡಲಿಗೆ ಆಘಾತ ತಟ್ಟುತ್ತದೆ. ಉಪ್ಪಿನಂಶದ ತೇವ ವಿದ್ಯುತ್ ಜೋಡಣೆಗಳನ್ನು ತಿನ್ನುತ್ತದೆ. ವೇಗ ಹೆಚ್ಚಿಸಿ ತಗ್ಗಿಸಿದಂತೆ ರಿಯಾಕ್ಟರ್‌ನ ಶಕ್ತಿಯೂ ಕೂಡಲೇ ಬದಲಾಗಬೇಕು. ಸಮುದ್ರದ ಮಧ್ಯೆ ಒಂದು ಎಲೆಕ್ಟ್ರಾನಿಕ್ ಫಲಕ ಕೆಟ್ಟರೆ ದಡದಿಂದ ತರಿಸುವಂತಿಲ್ಲ. ಬದಲಿ ಫಲಕ ನೌಕೆಯಲ್ಲಿಯೇ ಇರಬೇಕು, ಅದನ್ನು ಬದಲಾಯಿಸಬಲ್ಲ ನಾವಿಕನೂ ಇರಬೇಕು. ನೌಕೆಯ ಆಯುಷ್ಯ ಹಲವು ದಶಕಗಳದ್ದು. ಎಲೆಕ್ಟ್ರಾನಿಕ್ ಭಾಗಗಳು ಮಾರುಕಟ್ಟೆಯಲ್ಲಿ ಕೆಲವೇ ವರ್ಷ ಉಳಿಯುತ್ತವೆ. ಹೀಗಾಗಿ ಪರಮಾಣು ಚಾಲಿತ ನೌಕೆಯನ್ನು ಇರಿಸಿಕೊಳ್ಳುವ ದೇಶ ಅದರ ಬಿಡಿಭಾಗಗಳನ್ನು ತಾನೇ ತಯಾರಿಸಬೇಕಾಗುತ್ತದೆ, ಇಲ್ಲವೇ ಅವುಗಳಿಗಾಗಿ ಮತ್ತೊಂದು ದೇಶದ ಇಚ್ಛೆಯನ್ನು ಅವಲಂಬಿಸಬೇಕಾಗುತ್ತದೆ.

ಆರಂಭದ ವಿನ್ಯಾಸಗಳು ಕೈಗೂಡಲಿಲ್ಲ. ಇಂತಹ ಚಿಕ್ಕ ರಿಯಾಕ್ಟರ್‌ಗೆ ಪುಷ್ಟೀಕರಿಸಿದ ಯುರೇನಿಯಂ ಅಗತ್ಯವಾಗಿದ್ದು, ಅದನ್ನು ಯಾವ ದೇಶವೂ ಈ ಉದ್ದೇಶಕ್ಕೆ ಮಾರುವಂತಿರಲಿಲ್ಲ. 1986ರಲ್ಲಿ ರಾಮಣ್ಣನವರು ಭಾರತ ಯುರೇನಿಯಂ ಪುಷ್ಟೀಕರಣದ ಸಾಮರ್ಥ್ಯವನ್ನು ಪಡೆದಿದೆ ಎಂದು ಪ್ರಕಟಿಸಿದರು. ಬಳಿಕ ಮೈಸೂರಿನ ಸಮೀಪದ ರತ್ನಹಳ್ಳಿಯಲ್ಲಿ ಇದಕ್ಕಾಗಿ ಸ್ಥಾವರ ತಲೆಯೆತ್ತಿತು. 1988ರಿಂದ 1991ರವರೆಗೆ ನೌಕಾಪಡೆ ಸೋವಿಯತ್ ಒಕ್ಕೂಟದಿಂದ ಗುತ್ತಿಗೆಗೆ ಪಡೆದ ಚಕ್ರ ಎಂಬ ಪರಮಾಣು ಜಲಾಂತರ್ಗಾಮಿಯನ್ನು ನಡೆಸಿ ಅನುಭವ ಗಳಿಸಿತು. ದೇಶೀಯ ನೌಕಾ ರಿಯಾಕ್ಟರ್‌ನ ನೆಲದ ಮಾದರಿ ಕಲ್ಪಾಕ್ಕಂನಲ್ಲಿ ಕ್ರಾಂತಿಕ ಸ್ಥಿತಿ ತಲುಪಿದ್ದು 2003ರಲ್ಲಿ, ರಾಮಣ್ಣನವರ ನಿಧನಕ್ಕೆ ಒಂದು ವರ್ಷ ಮೊದಲು. ಅರಿಹಂತ್ ಜಲಾಂತರ್ಗಾಮಿಯನ್ನು 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಸಲಾಯಿತು. 2013ರಲ್ಲಿ ಅದರ ರಿಯಾಕ್ಟರ್ ಕ್ರಾಂತಿಕ ಸ್ಥಿತಿ ತಲುಪಿತು. ಭಾರತದ ವಿಮಾನವಾಹಕ ನೌಕೆಗಳು ಮಾತ್ರ ಪರಮಾಣು ಚಾಲಿತವಲ್ಲ. ಕಾರವಾರದ ಕದಂಬ ನೌಕಾನೆಲೆಯನ್ನು ತವರಾಗಿ ಹೊಂದಿರುವ ವಿಕ್ರಮಾದಿತ್ಯವೂ ಬಾಯ್ಲರ್ ಮತ್ತು ಹಬೆ ಟರ್ಬೈನುಗಳಿಂದಲೇ ನಡೆಯುತ್ತದೆ. ಪರಮಾಣು ಚಾಲಿತ ವಿಮಾನವಾಹಕ ನೌಕೆಗಳನ್ನು ಸೇವೆಯಲ್ಲಿ ಇರಿಸಿಕೊಂಡಿರುವ ದೇಶಗಳು ಅಮೆರಿಕ ಮತ್ತು ಫ್ರಾನ್ಸ್.

ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆ

1983ರಲ್ಲಿ ಹೋಮಿ ಸೇಠ್ನಾ ಅವರ ನಂತರ ರಾಮಣ್ಣನವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿ 1987ರವರೆಗೆ ಆ ಸ್ಥಾನದಲ್ಲಿದ್ದರು. ಇಂದೋರಿನಲ್ಲಿ ಲೇಸರ್ ಮತ್ತು ಕಣ ವೇಗವರ್ಧಕಗಳ ಸಂಶೋಧನೆಗೆ ಮೀಸಲಾದ ಕೇಂದ್ರಕ್ಕೆ 1984ರಲ್ಲಿ ಅಡಿಗಲ್ಲು ಹಾಕಲಾಯಿತು. ಕಲ್ಪಾಕ್ಕಂನ ವೇಗದ ನ್ಯೂಟ್ರಾನ್ ಬಳಸುವ ಪರೀಕ್ಷಾ ರಿಯಾಕ್ಟರ್ 1985ರಲ್ಲಿ ಕಾರ್ಯಾರಂಭ ಮಾಡಿತು. 1986ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ 30ನೆಯ ಮಹಾಸಮ್ಮೇಳನಕ್ಕೆ ರಾಮಣ್ಣನವರು ಅಧ್ಯಕ್ಷರಾಗಿದ್ದರು. ಅದು ಚೆರ್ನೋಬಿಲ್ ದುರಂತ ಸಂಭವಿಸಿದ ವರ್ಷ.

ಈ ಅವಧಿಯ ದೊಡ್ಡ ಪರೀಕ್ಷೆ ಧ್ರುವ ರಿಯಾಕ್ಟರ್. 100 ಮೆಗಾವ್ಯಾಟ್ ಸಾಮರ್ಥ್ಯದ ಈ ಸಂಶೋಧನಾ ರಿಯಾಕ್ಟರ್ ಅನ್ನು ಭಾರತೀಯರೇ ವಿನ್ಯಾಸಗೊಳಿಸಿ ನಿರ್ಮಿಸಿದರು. 1985ರ ಆಗಸ್ಟ್ 8ರಂದು ಅದು ಕ್ರಾಂತಿಕ ಸ್ಥಿತಿ ತಲುಪಿತು. ಆದರೆ ಶಕ್ತಿಯನ್ನು ಹೆಚ್ಚಿಸಿದಾಗ ತಂಪುಗೊಳಿಸುವ ದ್ರವದ ಹರಿವಿಗೆ ಇಂಧನದ ಜೋಡಣೆಗಳು ಅತಿಯಾಗಿ ಕಂಪಿಸಿ, ಅವುಗಳ ಹೊರಕವಚ ಸವೆಯಲಾರಂಭಿಸಿತು. ರಿಯಾಕ್ಟರ್ ಅನ್ನು ಕಡಿಮೆ ಶಕ್ತಿಯಲ್ಲಿ ನಡೆಸುತ್ತ, ಕಾರಣವನ್ನು ಪತ್ತೆಹಚ್ಚಿ, ಜೋಡಣೆಯ ವಿನ್ಯಾಸವನ್ನು ತಿದ್ದಬೇಕಾಯಿತು. ಧ್ರುವ ತನ್ನ ಪೂರ್ಣ ಸಾಮರ್ಥ್ಯವನ್ನು ತಲುಪಿದ್ದು 1988ರಲ್ಲಿ, ರಾಮಣ್ಣನವರು ಅಧ್ಯಕ್ಷತೆಯಿಂದ ನಿವೃತ್ತರಾದ ಮೇಲೆ. ಸ್ವಂತ ವಿನ್ಯಾಸದ ದೋಷವನ್ನು ಹೊರಗಿನ ನೆರವಿಲ್ಲದೆ ಸರಿಪಡಿಸಿದ ಉದಾಹರಣೆಯಾಗಿ ಇದನ್ನು ನೆನೆಯಲಾಗುತ್ತದೆ.

ಕೈಗಾ ಮತ್ತು ಕರಾವಳಿಯ ವಿರೋಧ

ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಡದಲ್ಲಿರುವ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರದ ಯೋಜನೆ ರೂಪುಗೊಂಡದ್ದು ರಾಮಣ್ಣನವರ ಅಧ್ಯಕ್ಷತೆಯ ಕಾಲದಲ್ಲಿ. ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ, ಮೇಲ್ಭಾಗದಲ್ಲಿ ಅಣೆಕಟ್ಟು ಇರುವ ಸ್ಥಳದಲ್ಲಿ ಸ್ಥಾವರ ಬೇಡವೆಂದು ಕರಾವಳಿಯಲ್ಲಿ ಬಲವಾದ ವಿರೋಧ ವ್ಯಕ್ತವಾಯಿತು. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಸಾಹಿತಿ ಕೋಟ ಶಿವರಾಮ ಕಾರಂತರು ಈ ವಿರೋಧದ ಮುಂಚೂಣಿಯಲ್ಲಿದ್ದು, ಇದೇ ವಿಷಯವನ್ನು ಮುಂದಿಟ್ಟುಕೊಂಡು 1989ರ ಲೋಕಸಭಾ ಚುನಾವಣೆಗೂ ಸ್ಪರ್ಧಿಸಿದರು. ದೇಶಕ್ಕೆ ವಿದ್ಯುತ್ತೂ ಸ್ವಾವಲಂಬನೆಯೂ ಬೇಕೆಂಬುದು ಒಂದು ಪಕ್ಷವಾದರೆ, ಅದರ ಅಪಾಯವನ್ನು ಹೊರುವವರನ್ನು ಕೇಳಿ ನಿರ್ಧರಿಸಬೇಕೆಂಬುದು ಮತ್ತೊಂದು ಪಕ್ಷವಾಗಿತ್ತು.

1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಕಾಂಕ್ರೀಟ್ ಕುಸಿದಾಗ ವಿರೋಧಿಗಳ ಆತಂಕ ಹೆಚ್ಚಿತು. ವಿನ್ಯಾಸವನ್ನು ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಟ್ಟು ನಾಲ್ಕು ಘಟಕಗಳಿದ್ದು, ಪ್ರತಿಯೊಂದರ ಸಾಮರ್ಥ್ಯ 220 ಮೆಗಾವ್ಯಾಟ್. 2018ರ ಕೊನೆಯಲ್ಲಿ ಕೈಗಾದ ಒಂದನೆಯ ಘಟಕ 962 ದಿನಗಳ ನಿರಂತರ ಕಾರ್ಯಾಚರಣೆಯ ವಿಶ್ವ ದಾಖಲೆ ಸ್ಥಾಪಿಸಿತು.

ಬೆಂಗಳೂರಿನ ದಿನಗಳು ಮತ್ತು ಸಾರ್ವಜನಿಕ ಜೀವನ

ಆಯೋಗದಿಂದ ನಿವೃತ್ತರಾದ ಮೇಲೆ ರಾಮಣ್ಣನವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಜೆ. ಆರ್. ಡಿ. ಟಾಟಾ ಅವರ ಆಶಯದಂತೆ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು. ವಿಜ್ಞಾನಿಗಳು, ಆಡಳಿತಗಾರರು, ಸಮಾಜಶಾಸ್ತ್ರಜ್ಞರು ಮತ್ತು ಕಲಾವಿದರನ್ನು ಒಂದೆಡೆ ಸೇರಿಸುವುದು ಈ ಸಂಸ್ಥೆಯ ಉದ್ದೇಶ. 1997ರವರೆಗೆ ಅವರು ಅದನ್ನು ಮುನ್ನಡೆಸಿದರು.

1990ರಲ್ಲಿ ವಿ. ಪಿ. ಸಿಂಗ್ ಅವರ ಸಚಿವ ಸಂಪುಟದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿದ್ದರು. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು.

ಸಂಗೀತ ಮತ್ತು ಕೃತಿಗಳು

ರಾಮಣ್ಣನವರು ನುರಿತ ಪಿಯಾನೋ ವಾದಕರಾಗಿದ್ದು, ಸಾರ್ವಜನಿಕ ಕಛೇರಿಗಳಲ್ಲಿಯೂ ನುಡಿಸುತ್ತಿದ್ದರು. ಭಾರತೀಯ ರಾಗ ಪದ್ಧತಿ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯನ್ನು ಹೋಲಿಸುವ ಗ್ರಂಥವೊಂದನ್ನು 1993ರಲ್ಲಿ ಪ್ರಕಟಿಸಿದರು. ಅವರ ಇಂಗ್ಲಿಷ್ ಆತ್ಮಕಥೆ ‘ಇಯರ್ಸ್ ಆಫ್ ಪಿಲ್ಗ್ರಿಮೇಜ್’ 1991ರಲ್ಲಿ ಹೊರಬಂದಿತು. ತತ್ತ್ವಶಾಸ್ತ್ರ ಮತ್ತು ಸಂಸ್ಕೃತ ಗ್ರಂಥಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು.

ಟೀಕೆಗಳು

ರಾಮಣ್ಣನವರ ಕಾಲದ ಪರಮಾಣು ಕಾರ್ಯಕ್ರಮದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. 2000ದ ವೇಳೆಗೆ 10,000 ಮೆಗಾವ್ಯಾಟ್ ಪರಮಾಣು ವಿದ್ಯುತ್ ಉತ್ಪಾದಿಸುವ ಗುರಿಯನ್ನು 1980ರ ದಶಕದಲ್ಲಿ ಇರಿಸಿಕೊಳ್ಳಲಾಗಿತ್ತು. ಅದು ಈಡೇರಲಿಲ್ಲ. 1974ರ ಪರೀಕ್ಷೆಯಿಂದ ದೇಶ ಪಡೆದುದಕ್ಕಿಂತ ವಿದ್ಯುತ್ ಕಾರ್ಯಕ್ರಮ ಕಳೆದುಕೊಂಡದ್ದೇ ಹೆಚ್ಚು ಎಂದು ಕೆಲವರು ವಾದಿಸುತ್ತಾರೆ. ನಿರ್ಬಂಧಗಳೇ ದೇಶೀಯ ತಂತ್ರಜ್ಞಾನದ ಬೆಳವಣಿಗೆಗೆ ಕಾರಣವಾದವು ಎಂಬುದು ಮತ್ತೊಂದು ವಾದ. ಪರಮಾಣು ಇಲಾಖೆಯ ಗೋಪ್ಯತೆ ಮತ್ತು ಸಾರ್ವಜನಿಕ ಪರಿಶೀಲನೆಯ ಕೊರತೆಯೂ ಟೀಕೆಗೆ ಗುರಿಯಾಗಿವೆ.

ಪ್ರಶಸ್ತಿ ಮತ್ತು ಗೌರವಗಳು

ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ – 1963
ಪದ್ಮಶ್ರೀ – 1968
ಪದ್ಮಭೂಷಣ – 1973
ಪದ್ಮವಿಭೂಷಣ – 1975

ನಿಧನ ಮತ್ತು ಸ್ಮರಣೆ

ರಾಮಣ್ಣನವರು 2004ರ ಸೆಪ್ಟೆಂಬರ್ 24ರಂದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನಿಧನರಾದರು. ಆಗ ಅವರಿಗೆ 79 ವರ್ಷ ವಯಸ್ಸಾಗಿತ್ತು. ಮರುವರ್ಷ ಇಂದೋರಿನ ಕೇಂದ್ರಕ್ಕೆ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರ ಎಂದು ಮರುನಾಮಕರಣ ಮಾಡಲಾಯಿತು. ಅವರು ಕಾರ್ಯಾರಂಭದಲ್ಲಿ ಪಾಲ್ಗೊಂಡಿದ್ದ ಅಪ್ಸರಾ ರಿಯಾಕ್ಟರ್ 2009ರವರೆಗೆ ಕಾರ್ಯನಿರ್ವಹಿಸಿತು. ಅದೇ ಸ್ಥಳದಲ್ಲಿ, ದೇಶದಲ್ಲಿಯೇ ತಯಾರಾದ ಇಂಧನದಿಂದ ನಡೆಯುವ ನವೀಕೃತ ಅಪ್ಸರಾ 2018ರಲ್ಲಿ ಕಾರ್ಯಾರಂಭ ಮಾಡಿತು. ಟ್ರಾಂಬೆಯ ತರಬೇತಿ ಶಾಲೆ ಇಂದಿಗೂ ಪ್ರತಿವರ್ಷ ಹೊಸ ತಂಡಗಳನ್ನು ಸಿದ್ಧಪಡಿಸುತ್ತಿದೆ.